ಹೈಬ್ರಿಡ್ ಗಾಡಿ ನಮ್ಮ ಘಾಟಿಯಲ್ಲಿ

ಕಾಫಿಗೆ ರೇಟು ಸಿಕ್ಕಿದ ದುಡ್ಡಲ್ಲಿ ಹೈಬ್ರಿಡ್ ಕಾರು ತಗೊಂಡು ಹದಿನೈದು ದಿನ ಆಯ್ತು. ಹೈರೈಡರ್, ನಮ್ಮ ಬಿಡದಿಯಲ್ಲೇ ತಯಾರಾಗೋದು. ಸುಮಾರು ಜನ ಕೇಳಿದ್ರಿ, ಚಾರ್ಜಿಗೆ ಹಾಕ್ಬೇಕಾ ಅಂತ. ಬೇಡ. ಪೆಟ್ರೋಲ್ ಹಾಕಿದ್ರೆ ಸಾಕು. ಇಳಿಜಾರಿನಲ್ಲಿ, ಬ್ರೇಕ್ ಒತ್ತಿದಾಗ ಮೋಟಾರೇ ಡೈನಮೋ ಥರ ತಿರುಗಿ ಬ್ಯಾಟರಿ ತುಂಬಿಸುತ್ತೆ. ಮಳೆಗಾಲದಲ್ಲಿ ಕರೆಂಟೇ ಇರದ ಅತ್ತಿಗುಂಡಿಗೆ ಇದೇ ಸರಿ ಅನ್ನಿಸ್ತು.

ಬ್ಯಾಟರಿ ಸಣ್ಣದು, 0.76 ಯೂನಿಟ್ ಅಷ್ಟೇ. ಕೈಮರದ ಕಡೆ ಇಳಿಯುವಾಗ ಅರ್ಧ ದಾರಿಗೇ ತುಂಬುತ್ತೆ. ಆಮೇಲೆ ಗೇರನ್ನು ‘ಬಿ’ಗೆ ಹಾಕಿದ್ರೆ ಇಂಜಿನ್ನೇ ಗಾಡಿ ಹಿಡಿಯುತ್ತೆ, ಬ್ರೇಕ್ ಕಾಯಲ್ಲ. ಹತ್ತುವಾಗ ಮೂರು ಸಿಲಿಂಡರ್ ಇಂಜಿನ್ ಸ್ವಲ್ಪ ಕೂಗುತ್ತೆ, ಆದ್ರೆ ಎಳೆಯುತ್ತೆ. ಲೀಟರಿಗೆ 28 ಅನ್ನೋದು ಪರೀಕ್ಷೆಯ ಲೆಕ್ಕ. ಘಾಟಿಯಲ್ಲಿ ನನಗೆ 20ರ ಆಸುಪಾಸು. ಹಳೇ ಜೀಪು 11 ದಾಟ್ತಿರಲಿಲ್ಲ. ಬ್ಯಾಟರಿ ಹಿಂದೆ ಕೂತಿರೋದ್ರಿಂದ ಡಿಕ್ಕಿಗೆ ಗೊಬ್ಬರದ ಮೂಟೆ ಹಾಕೋ ಆಸೆ ಬೇಡ, ಅದಕ್ಕೆ ಜೀಪು ಇಟ್ಕೊಂಡಿದ್ದೀನಿ.

ಮುಖ್ಯವಾಗಿ ಹೇಳಬೇಕಾದ್ದು ಸದ್ದಿನ ವಿಷಯ. ಬೆಳಿಗ್ಗೆ ಮಂಜಿನಲ್ಲಿ ತೋಟಕ್ಕೆ ಹೋಗೋ ಹೆಣ್ಣಾಳುಗಳು ರಸ್ತೆ ಮಧ್ಯೆ ಮಾತಾಡ್ತಾ ನಡೀತಾರೆ. ಜೀಪಾದ್ರೆ ಎರಡು ತಿರುವು ಹಿಂದೆಯೇ ಕೇಳಿ ಸರಿಯೋರು. ಇದು ನಿಧಾನಕ್ಕೆ ಬ್ಯಾಟರಿಯಲ್ಲಿ ಹೋಗುವಾಗ ಪಕ್ಕಕ್ಕೆ ಬರೋವರೆಗೂ ಗೊತ್ತಾಗಲ್ಲ. ಮೊನ್ನೆ ಒಬ್ಬ ಅಜ್ಜಿ ಬೆಚ್ಚಿ, “ಏನ್ ಗೌಡ್ರೇ, ಹುಲಿ ಬಂದಂಗೆ ಬರ್ತೀರಲ್ಲ” ಅಂದ್ರು. ಈಗ ಹಗಲಲ್ಲೂ ಲೈಟು, ಪ್ರತಿ ತಿರುವಿಗೂ ಹಾರ್ನ್. ಲೈನಿನ ಮಕ್ಕಳಿಗೂ ಗಾಡಿ ತೋರಿಸಿ ಹೇಳಿದ್ದೀನಿ. ತಗೊಳ್ಳೋರು ನೀವೂ ಆಳುಗಳಿಗೆ ಮೊದಲೇ ಹೇಳಿಡಿ.

ಮುಂದಿನ ವಾರ ಕಳಸಕ್ಕೆ ಹೋಗೋದಿದೆ. ಆ ಮೈಲೇಜ್ ಬಂದ್ಮೇಲೆ ಬರೀತೀನಿ.