ಸಂಪಿಗೆಯ ಸುಧನ್ವನ ಊರಿನಲ್ಲಿ

ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಪುಣ್ಯಸ್ಮರಣೆಗೆಂದು ಸಿದ್ಧಗಂಗೆಗೆ ಹೋಗಿದ್ದ ನಾವು ಮರುದಿನ ತೆಂಗಿನ ಸೀಮೆಯತ್ತ ಹೊರಟೆವು. ಹಿಂದಿನ ದಿನ ದಾಸೋಹದ ಪಂಕ್ತಿಯಲ್ಲಿ ಕುಳಿತಿದ್ದಾಗ ಪಕ್ಕದ ಹಿರಿಯರೊಬ್ಬರು, “ಬುದ್ಧಿಯವರಿಗೆ ಭಾರತರತ್ನ ಇನ್ನೂ ಬರಲಿಲ್ಲವಲ್ಲ” ಎಂದು ನಿಟ್ಟುಸಿರು ಬಿಟ್ಟಿದ್ದರು. ಆ ಮಾತು ನಮ್ಮ ಜೊತೆಯಲ್ಲಿಯೇ ರೈಲು ಹತ್ತಿತು.

ಗುಬ್ಬಿ, ನಿಟ್ಟೂರುಗಳನ್ನು ದಾಟಿದ ಮೇಲೆ ‘ಸಂಪಿಗೆ ರೋಡ್’ ಎಂಬ ಪುಟ್ಟ ನಿಲ್ದಾಣ ಬರುತ್ತದೆ. ಅವಸರದ ರೈಲುಗಳಿಗೆ ಅದರ ಪರಿವೆಯಿಲ್ಲ. ಅಲ್ಲಿಂದ ತುರುವೇಕೆರೆ ತಾಲ್ಲೂಕಿನ ಸಂಪಿಗೆ ಗ್ರಾಮಕ್ಕೆ ಆಟೋ ಹಿಡಿದರೆ ದಾರಿಯ ಎರಡು ಬದಿಗೂ ತೆಂಗು, ತೆಂಗಿನ ನಡುನಡುವೆ ಅಡಿಕೆ. ಮನೆಗಳ ಅಟ್ಟದ ಮೇಲೆ ಕಾಯಿ ತಿಂಗಳುಗಟ್ಟಲೆ ಕುಳಿತು, ಚಿಪ್ಪಿನೊಳಗೇ ನೀರಾರಿ ಉಂಡೆ ಕೊಬ್ಬರಿಯಾಗುತ್ತದೆ. ಆಮೇಲೆ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಅವಸರ ಮಾಡಿ ಒಡೆದರೆ ಅದು ಕೊಬ್ಬರಿಯೂ ಅಲ್ಲ, ಕಾಯಿಯೂ ಅಲ್ಲ.

ಸಂಪಿಗೆಯಲ್ಲಿ ಶ್ರೀನಿವಾಸಸ್ವಾಮಿಯ ದೇವಾಲಯವಿದೆ. ಈ ಊರೇ ಜೈಮಿನಿ ಭಾರತದ ಚಂಪಕಾನಗರಿ, ಹಂಸಧ್ವಜ ರಾಜನ ರಾಜಧಾನಿ ಎಂಬುದು ಇಲ್ಲಿನ ಜನರ ಪರಂಪರಾಗತ ನಂಬಿಕೆ. ಧರ್ಮರಾಯನ ಯಾಗದ ಕುದುರೆಯನ್ನು ಕಟ್ಟಿಹಾಕಿದ ಹಂಸಧ್ವಜನು, ಯುದ್ಧಕ್ಕೆ ತಡವಾಗಿ ಬಂದವರನ್ನು ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕಬೇಕೆಂದು ಡಂಗುರ ಸಾರಿಸಿದನು. ತಡವಾಗಿ ಬಂದವನು ಅವನ ಮಗ ಸುಧನ್ವನೇ. ಶಂಖ, ಲಿಖಿತರೆಂಬ ಪುರೋಹಿತರು ರಾಜಾಜ್ಞೆ ನಡೆಯಲೇಬೇಕೆಂದು ಹಟ ಹಿಡಿದರು. ಹರಿಸ್ಮರಣೆ ಮಾಡುತ್ತ ಕೊಪ್ಪರಿಗೆಗೆ ಬಿದ್ದ ಸುಧನ್ವನಿಗೆ ಎಣ್ಣೆ ತಂಪಾಯಿತು. ಎಣ್ಣೆ ಕಾದಿದೆಯೋ ಇಲ್ಲವೋ ಎಂಬ ಸಂಶಯದಿಂದ ಅದರೊಳಗೆ ತೆಂಗಿನಕಾಯಿಯೊಂದನ್ನು ಹಾಕಲು, ಅದು ಸಿಡಿದು ಎರಡು ಹೋಳಾಗಿ ಆ ಇಬ್ಬರು ಪುರೋಹಿತರ ಹಣೆಗೇ ಬಡಿಯಿತಂತೆ.

ದೇವಾಲಯದ ಜಗಲಿಯಲ್ಲಿ ಕುಳಿತಿದ್ದ ರೈತರೊಬ್ಬರು ಈ ಕಥೆಯನ್ನು ನಿನ್ನೆ ಕಂಡವರಂತೆ ಹೇಳಿದರು. “ರಾಜನ ಲೆಕ್ಕದಲ್ಲಿ ಅವನು ತಪ್ಪಿತಸ್ಥ ಸ್ವಾಮಿ. ಸಾಕ್ಷಿ ಹೇಳಿದ್ದು ನಮ್ಮ ತೆಂಗಿನಕಾಯಿ” ಎಂದು ನಕ್ಕರು. ಆ ಬಳಿಕ ಸುಧನ್ವನು ಅರ್ಜುನನೊಡನೆ ಕಾದಿ ಮಡಿದನು. ಗೆದ್ದವನು ಅರ್ಜುನ; ಆದರೆ ಈ ಊರಿನವರು ಹೇಳಿಕೊಳ್ಳುವುದು ಸೋತವನ ಹೆಸರನ್ನು. ದೇವನೂರಿನ ಲಕ್ಷ್ಮೀಶ ಕವಿಯು ಅವನನ್ನು ಕನ್ನಡದ ಮನೆಮಾತಾಗಿಸಿದನು. ಯಾವ ಆಸ್ಥಾನವೂ ಸುಧನ್ವನಿಗೆ ಬಿರುದು ಕೊಟ್ಟುದಿಲ್ಲ.

ನಮ್ಮ ನಾಡಿನಲ್ಲಿ ವೀರನನ್ನು ಗುರುತಿಸುವ ಕ್ರಮ ಬಹು ಹಳೆಯದು. ತುರುಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಮಡಿದವನಿಗೆ ಊರೇ ಕಲ್ಲು ನಿಲ್ಲಿಸುತ್ತಿತ್ತು. ಅಂತಹ ವೀರಗಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 950ರ ಸುಮಾರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಗೂ ಕಲ್ಲು ನಿಂತಿತು. ಅದೀಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಜಾತಿ, ಪದವಿ, ಕೊನೆಗೆ ಮನುಷ್ಯಜನ್ಮವನ್ನೂ ಕೇಳದ ಆ ಉದಾರತೆಯನ್ನು ನೆನೆದರೆ ಸಂತೋಷವಾಗುತ್ತದೆ. ಅದೇ ವೀರಗಲ್ಲುಗಳನ್ನು ಎಷ್ಟೋ ಊರುಗಳಲ್ಲಿ ಬಟ್ಟೆ ಒಗೆಯಲು ಹಾಸಿಕೊಂಡಿರುವುದನ್ನೂ ನಾವು ಕಂಡಿದ್ದೇವೆ.

ಗಣರಾಜ್ಯದ ಕ್ರಮ ಬೇರೆ. 1954ರಲ್ಲಿ ಭಾರತರತ್ನ ಆರಂಭವಾಯಿತು. ಪ್ರಧಾನಮಂತ್ರಿಗಳು ರಾಷ್ಟ್ರಪತಿಗಳಿಗೆ ಶಿಫಾರಸು ಮಾಡುತ್ತಾರೆ. ಬೇರೆ ಯಾವ ವಿಧಿಬದ್ಧ ಶಿಫಾರಸೂ ಬೇಕಿಲ್ಲ. (ಪ್ರೆಸಿಡೆಂಟ್ ಎಂಬುದಕ್ಕೆ ‘ರಾಷ್ಟ್ರಪತಿ’ ಎಂಬ ಪದವನ್ನು ಸೂಚಿಸಿದವರು ಇದೇ ಸೀಮೆಯ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ. ನಂ. ಶ್ರೀಕಂಠಯ್ಯನವರು ಎಂದು ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ.) ಸಂವಿಧಾನದ 18ನೆಯ ವಿಧಿ ಬಿರುದುಗಳನ್ನು ರದ್ದುಮಾಡಿದೆ, ಆದುದರಿಂದ ಈ ಪ್ರಶಸ್ತಿಯನ್ನು ಹೆಸರಿನ ಹಿಂದಾಗಲಿ ಮುಂದಾಗಲಿ ಬಳಸುವಂತಿಲ್ಲ. 1977ರಲ್ಲಿ ಬಂದ ಸರ್ಕಾರ ಅದನ್ನು ನಿಲ್ಲಿಸಿತು, 1980ರಲ್ಲಿ ಬಂದ ಸರ್ಕಾರ ಮತ್ತೆ ತಂದಿತು. ಸರ್ಕಾರ ಬದಲಾದರೆ ಬದಲಾಗಬಹುದಾದ ಗೌರವ ಅದು ಎಂಬುದನ್ನು ಮರೆಯಬಾರದು.

2019ರ ಜನವರಿ 21ರಂದು ಪೂಜ್ಯ ಮಹಾಸ್ವಾಮಿಗಳು 111ರ ಪ್ರಾಯದಲ್ಲಿ ಲಿಂಗೈಕ್ಯರಾದರು. ನಾಲ್ಕೇ ದಿನಗಳಲ್ಲಿ, 25ರಂದು, ಆ ವರ್ಷದ ಭಾರತರತ್ನಗಳು ಪ್ರಕಟವಾದವು: ಪ್ರಣವ್ ಮುಖರ್ಜಿ, ನಾನಾಜಿ ದೇಶ್‌ಮುಖ್, ಭೂಪೇನ್ ಹಜಾರಿಕಾ. ರೇಡಿಯೋ ಎದುರು ಕುಳಿತಿದ್ದ ನಮ್ಮ ಮನೆಯ ಹಿರಿಯರು ಊಟ ಬಿಟ್ಟು ಎದ್ದುದು ನೆನಪಿದೆ. 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಬಂದಿದ್ದವು ನಿಜ. ಸಾವಿರಾರು ಮಕ್ಕಳಿಗೆ ಜಾತಿಮತ ಕೇಳದೆ ಅನ್ನ, ಅಕ್ಷರ ಕೊಟ್ಟವರಿಗೆ ರಾಷ್ಟ್ರವು ಅತ್ಯುನ್ನತ ಗೌರವ ಸಲ್ಲಿಸಬೇಕಿತ್ತು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ವರ್ಷವರ್ಷವೂ ಮನವಿಪತ್ರ ಹಿಡಿದು ಬೇಡುವಾಗ ನಾವು ಅವರನ್ನು ಕುಗ್ಗಿಸುತ್ತಿಲ್ಲವೇ ಎಂಬ ಅಳುಕೂ ಇದೆ. ಎರಡನ್ನೂ ಮುಚ್ಚಿಡದೆ ಬರೆಯುತ್ತಿದ್ದೇವೆ.

ಬಸವಣ್ಣನವರ ವಿಷಯವನ್ನೇ ನೋಡೋಣ. ಅವರ ವಚನಗಳು ಓಲೆಗರಿಗಳಲ್ಲಿ ಉಳಿದು ಬರಲು ಈ ಸೀಮೆಯ ಋಣ ದೊಡ್ಡದು. ಎಡೆಯೂರಿನ ತೋಂಟದ ಸಿದ್ಧಲಿಂಗರ ಪರಂಪರೆ, ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದ ಗೂಳೂರು ಸಿದ್ಧವೀರಣ್ಣೊಡೆಯರು, ಗುಬ್ಬಿಯ ಮಲ್ಲಣಾರ್ಯರು, ಇವರೆಲ್ಲರೂ ಒಂದು ದಿನದ ದಾರಿಯೊಳಗಿನವರು. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ್ ಮಂಜಪ್ಪನವರು ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸತೊಡಗಿದರು. ಫ. ಗು. ಹಳಕಟ್ಟಿಯವರು ಊರೂರು ಅಲೆದು ವಚನಗಳ ಪ್ರತಿಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, ಮುದ್ರಣಕ್ಕಾಗಿ ಮನೆಯನ್ನೂ ಮಾರಿದರು. ಸರ್ಕಾರದ ಅಂಚೆಚೀಟಿ ಬಂದುದು 1967ರಲ್ಲಿ, ಸಂಸತ್ ಭವನದ ಆವರಣದಲ್ಲಿ ಪ್ರತಿಮೆ 2003ರಲ್ಲಿ. 2024ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟವು ಬಸವಣ್ಣನವರನ್ನು ‘ಸಾಂಸ್ಕೃತಿಕ ನಾಯಕ’ರೆಂದು ಘೋಷಿಸಿತು. ಮಂಜಪ್ಪನವರ ಮೊದಲ ಜಯಂತಿಯಿಂದ ಲೆಕ್ಕ ಹಾಕಿದರೆ ಸುಮಾರು 111 ವರ್ಷ. ಆಜ್ಞೆ ಹೊರಡಿಸಿದವರು ಕೊನೆಗೆ ಬಂದವರು. ತೀರ್ಮಾನ ಮಾಡಿದವರು ಮೊದಲೇ ಮಾಡಿಯಾಗಿತ್ತು.

ಕಚೇರಿಗಳಲ್ಲಿ ಭಾವಚಿತ್ರ ಹಾಕಬೇಕೆಂಬ ಆದೇಶ ಬಂದಾಗ ನಮಗೆ ಸಂತೋಷವೇ ಆಯಿತು. ಶಾಲೆಗೆ ಹೋಗುವ ಮಗು ತಂದೆಯೊಡನೆ ಕಚೇರಿಗೆ ಬಂದು, “ಇವರು ಯಾರು?” ಎಂದು ಕೇಳಿದರೆ ಅದೇ ಲಾಭ. ಆದರೆ ನಾವು ಪಹಣಿಗಾಗಿ ಹೋಗಿದ್ದ ಕಚೇರಿಯೊಂದರಲ್ಲಿ (ಹೆಸರು ಬೇಡ) ಆ ಚಿತ್ರ ಕಡತಗಳ ರಾಶಿಯ ಹಿಂದೆ ಅರ್ಧ ಮರೆಯಾಗಿತ್ತು. ಅದರ ಕೆಳಗಿನ ಮೇಜಿನಲ್ಲಿ ಮಧ್ಯಾಹ್ನದವರೆಗೂ ಯಾರೂ ಇರಲಿಲ್ಲ. ಕಾಯಕವೇ ಕೈಲಾಸವೆಂಬ ಬರಹ ಮಾತ್ರ ಗೋಡೆಯ ಮೇಲೆ ಅಚ್ಚುಕಟ್ಟಾಗಿತ್ತು.

ಇಷ್ಟನ್ನು ಸಂಪಿಗೆಯ ಆ ರೈತರ ಎದುರು ಹೇಳಿಕೊಂಡೆವು. ಅವರು ಸಾವಧಾನವಾಗಿ ಕೇಳಿ, “ಬುದ್ಧಿಯೋರಿಗೆ ದೆಹಲಿಯವರು ಕೊಡಲಿ ಸ್ವಾಮಿ, ಕೊಟ್ಟರೆ ನಮಗೂ ಖುಷಿ. ನಮ್ಮ ಹುಡುಗ ಅಲ್ಲೇ ಉಂಡು ಓದಿದೋನು” ಎಂದರು. ಬಳಿಕ ಎದ್ದು ಪಂಚೆ ಕೊಡವಿಕೊಂಡರು. ಶಿವರಾತ್ರಿಯ ಜಾತ್ರೆಗೆ ಮಠದ ದಾಸೋಹಕ್ಕೆಂದು ಊರಿನಿಂದ ಕಾಯಿ ಕಳುಹಿಸಬೇಕಿತ್ತು. ಯಾವ ಮನೆಯಿಂದ ಎಷ್ಟು ಬಂದಿದೆಯೆಂದು ಎಣಿಸುವ ಕೆಲಸ ಅವರದು. ನಮ್ಮ ಕೈಗೂ ಎರಡು ಕಾಯಿ ಕೊಟ್ಟು, ರೈಲಿನ ವೇಳೆ ನೆನಪಿಸಿ, ತೋಟದ ದಾರಿ ಹಿಡಿದರು.