ಕನೆಕ್ಷನ್ ಟಿಕೆಟಿನ ಹೊಣೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಜನ ಟ್ರಾವೆಲ್ಸ್ ಎಂದೇ ಕರೆಯುವ ಟಿಕೆಟ್ ಏಜೆನ್ಸಿಗಳಿಗೆ ಗಲ್ಫ್ ದೇಶಗಳಿಗೆ ದುಡಿಯಲು ಹೋಗುವವರು ದೊಡ್ಡ ಗಿರಾಕಿಗಳಾಗಿದ್ದರು. ಮಂಗಳೂರಿನ ಬಜ್ಪೆಯಲ್ಲಿ 1951ರಿಂದಲೇ ವಿಮಾನ ನಿಲ್ದಾಣವಿತ್ತಾದರೂ ಅಲ್ಲಿಂದ ದುಬೈಗೆ ನೇರ ವಿಮಾನ ಹಾರಿದ್ದು 2450 ಮೀಟರ್ ಉದ್ದದ ಹೊಸ ರನ್‌ವೇ ಬಳಕೆಗೆ ಬಂದ 2006ರಲ್ಲಿ. ಅದಕ್ಕೆ ಮೊದಲು ಹೊರಟವರಲ್ಲಿ ಬಹುಮಂದಿ ಬಸ್ಸಿನಲ್ಲೋ, 1998ರ ಬಳಿಕ ಕೊಂಕಣ ರೈಲಿನಲ್ಲೋ ಬೊಂಬಾಯಿ ಸೇರಿ, ಊರಿನವರ ಕೋಣೆಯಲ್ಲಿ ಒಂದೆರಡು ದಿನ ಉಳಿದು, ಅಲ್ಲಿನ ಸಹಾರ ನಿಲ್ದಾಣದಿಂದ ವಿಮಾನ ಹತ್ತುತ್ತಿದ್ದುದರಿಂದ, ಬಸ್ಸು ದಾರಿಯಲ್ಲಿ ಅರ್ಧ ದಿನ ಕೆಟ್ಟು ನಿಂತರೂ ಪ್ರಯಾಣ ಕೆಡುತ್ತಿರಲಿಲ್ಲ.

ಈ ಬಿಡುವನ್ನು ಲೆಕ್ಕಹಾಕುವುದು ಏಜೆಂಟರ ಕಸುಬಿನ ಭಾಗವೇ ಆಗಿತ್ತು. ಮಳೆಗಾಲದಲ್ಲಿ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಗೆ ಮೋಡ ಕವಿದು ವಿಮಾನಗಳು ಬೇರೆ ಊರಿಗೆ ತಿರುಗುವುದನ್ನೂ, ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚುವುದನ್ನೂ ಅವರು ಬಲ್ಲವರಾಗಿದ್ದರು.

2008ರ ಜೂನ್‌ನಿಂದ ವಿಮಾನಯಾನ ಸಂಸ್ಥೆಗಳು ಕಾಗದದ ಟಿಕೆಟಿಗೆ ಬದಲು ಇ-ಟಿಕೆಟನ್ನೇ ಕೊಡತೊಡಗಿದವು; ಟಿಕೆಟು ಮೊಬೈಲಿಗೆ ಬಂದಂತೆ, ಕಡಿಮೆ ದರವನ್ನೇ ಮೇಲೆ ತೋರಿಸುವ ಬುಕಿಂಗ್ ತಾಣಗಳು ಎರಡು ಸಂಸ್ಥೆಗಳ ಬಿಡಿ ಟಿಕೆಟುಗಳನ್ನು ಒಂದೇ ಪ್ರಯಾಣವೆಂಬಂತೆ ಜೋಡಿಸಿ ಮಾರುವುದು ಸಾಮಾನ್ಯವಾಯಿತು. ಒಂದೇ ಪಿ.ಎನ್.ಆರ್., ಅಂದರೆ ಕಾದಿರಿಸುವಿಕೆಯ ಒಂದೇ ದಾಖಲೆಯಡಿ ಪ್ರಯಾಣವಿದ್ದರೆ, ಮೊದಲ ವಿಮಾನ ತಡವಾದಾಗ ಮುಂದಿನ ವಿಮಾನದಲ್ಲಿ ಜಾಗ ಮಾಡಿಕೊಡುವುದು ಸಾಮಾನ್ಯವಾಗಿ ಸಂಸ್ಥೆಯ ಹೊಣೆ. ಬಿಡಿ ಟಿಕೆಟುಗಳಲ್ಲಿ, ಹಾಗೆ ತಡವಾಗಿ ಬಂದವನು ಎರಡನೆಯ ಸಂಸ್ಥೆಯ ಲೆಕ್ಕಕ್ಕೆ ಬಾರದೇ ಹೋದ ಪ್ರಯಾಣಿಕ, ಅಷ್ಟೇ. ನಿಲ್ದಾಣವೊಂದರಲ್ಲಿ ವಿಮಾನ ಬದಲಿಸಲು ಬೇಕೆಂದು ಗೊತ್ತುಪಡಿಸಿದ ಅತಿ ಕಡಿಮೆ ಅವಧಿಗೆ ಕನಿಷ್ಠ ಕನೆಕ್ಷನ್ ಸಮಯ ಎನ್ನುತ್ತಾರೆ. ಬಿಡಿ ಟಿಕೆಟಿನವರಿಗೆ ಅದು ಸಾಲದು, ಏಕೆಂದರೆ ಲಗೇಜನ್ನು ಬೆಲ್ಟಿನಿಂದ ಎತ್ತಿಕೊಂಡು ಹೊರಬಂದು, ಮತ್ತೆ ಚೆಕ್-ಇನ್ ಮಾಡಿಸಿ, ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲಬೇಕು. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರಿನಿಂದ ವಿದೇಶಿ ವಿಮಾನಗಳು ಎರಡನೆಯ ಟರ್ಮಿನಲ್‌ಗೆ ಹೋದುದರಿಂದ, ಬಜ್ಪೆಯಿಂದ ಹೋಗಿ ಒಂದನೆಯದರಲ್ಲಿ ಇಳಿದವರಿಗೆ ಟರ್ಮಿನಲ್ ಬದಲಿಸುವ ಕೆಲಸವೂ ಸೇರಿಕೊಂಡಿತು. ಊರಿಗೆ ಮರಳುವಾಗಲಂತೂ ಭಾರತದಲ್ಲಿ ಮೊದಲು ಇಳಿದ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಯಬೇಕು. ಮುಂಬೈಯಲ್ಲಿ ಇಳಿದು ಸಾಂತಾಕ್ರೂಜ್ ಕಡೆಯ ಟರ್ಮಿನಲ್‌ನಿಂದ ಮಂಗಳೂರು ವಿಮಾನ ಹಿಡಿಯುವವರು ಪೇಟೆಯ ರಸ್ತೆಯ ವಾಹನದಟ್ಟಣೆಯನ್ನೂ ದಾಟಬೇಕು. ಇಷ್ಟಕ್ಕೆಲ್ಲ ಎರಡು ಗಂಟೆ ಸಾಕೆಂದು ಟಿಕೆಟು ಮಾರುವುದನ್ನು ಅಗ್ಗದ ಸೇವೆ ಎನ್ನುವುದು ಕಷ್ಟ.

ವಿಮಾನ ತಪ್ಪಿದ ಮೇಲೆ ಮನೆಯವರು ನೆನಪಿಸಿಕೊಳ್ಳುವುದು ಹಳೆಯ ಟ್ರಾವೆಲ್ಸಿನವರನ್ನೇ. ಆದರೆ ತಾಣದಲ್ಲಿ ಕೊಂಡ ಟಿಕೆಟಿನ ದಾಖಲೆ ಏಜೆಂಟರ ಕೈಯಲ್ಲಿ ಇರುವುದಿಲ್ಲವಾದ್ದರಿಂದ ಅದನ್ನು ಬದಲಿಸಲು ಅವರಿಗೆ ಬರುವುದಿಲ್ಲ, ಆ ದಿನದ ದರದಲ್ಲಿ ಹೊಸ ಟಿಕೆಟನ್ನಷ್ಟೇ ಮಾಡಿಕೊಡಬಲ್ಲರು.