ಮೆಟ್ಟಿಲು ಎಣಿಸಿ ನೋಡಿದ ಬೆಂಗಳೂರು

ನಮ್ಮ ಯಮಕನಮರಡಿಯಿಂದ ಬೆಂಗಳೂರಿಗೆ ಐದುನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಆ ದಾರಿಯನ್ನು ನಮ್ಮ ಮನೆಯವರು ಇಪ್ಪತ್ತೆರಡು ವರ್ಷ ಲಾರಿಯಲ್ಲಿ ಓಡಿದ್ದಾರೆ. ಊರ ಮಗ್ಗುಲಲ್ಲೇ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಗೆ ಈಗ 48 ಎಂಬ ನಂಬರು ಬಂದಿದೆ. ಅವರ ಬಾಯಲ್ಲಿ ಮಾತ್ರ ಅದು ಇಂದಿಗೂ ‘ಎನ್‌ಎಚ್ ಫೋರ್’. ಉಳ್ಳಾಗಡ್ಡಿ ಹೇರಿಕೊಂಡು ಹೋಗುವುದು, ಯಶವಂತಪುರದ ಯಾರ್ಡಿನಲ್ಲಿ ಇಳಿಸುವುದು, ಸಿಕ್ಕ ಬಾಡಿಗೆ ಹಿಡಿದು ತಿರುಗಿ ಬರುವುದು. “ಬೆಂಗಳೂರು ಹೆಂಗೈತ್ರಿ?” ಎಂದು ಕೇಳಿದರೆ, “ಯಾರ್ಡ್ ಐತಿ, ಚಾದ ಅಂಗಡಿ ಐತಿ, ಮಲಗಾಕ ಲಾರಿ ಐತಿ” ಎನ್ನುತ್ತಿದ್ದರು. ನಾನೋ ಪ್ರಾಥಮಿಕ ಶಾಲೆಯ ಶಿಕ್ಷಕಿ. ಲಾಲ್‌ಬಾಗ್, ವಿಧಾನಸೌಧ ಎಂದು ಮಕ್ಕಳಿಗೆ ಪಾಠ ಮಾಡಿದ್ದೇ ಮಾಡಿದ್ದು, ಕಣ್ಣಿಂದ ಕಂಡಿರಲಿಲ್ಲ. “ನೀವು ರಿಟೈರ್ ಆಗ್ರಿ ಅಕ್ಕೋರ, ನಾನ ಕರ್ಕೊಂಡು ಹೋಗ್ತೀನಿ” ಎಂದು ಅವರು ಚೇಷ್ಟೆ ಮಾಡುತ್ತಿದ್ದರು. ಮನೆಯಲ್ಲೂ ನನ್ನನ್ನು ಅಕ್ಕೋರ ಎಂದೇ ಕರೆಯುವುದು.

ನಾನು ನಿವೃತ್ತಳಾದ ವರ್ಷವೇ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು. ಮಾತು ಉಳಿಯಿತು, ಸಿಟ್ಟೂ ಉಳಿಯಿತು. ಎರಡು ವರ್ಷದ ವ್ಯಾಯಾಮದ ನಂತರ ಎಡಗೈಯಲ್ಲಿ ಕೋಲು ಹಿಡಿದು ಅಂಗಳದವರೆಗೆ ನಡೆದಾಡುವಂತಾದರು. ಅಂಗಳ ದಾಟಿ ಹೊರಗೆ ಮಾತ್ರ ಬರಲೊಲ್ಲರು. ಮಗ ತಂದಿಟ್ಟ ಗಾಲಿಕುರ್ಚಿಯ ಮೇಲೆ ಒಣಗಿದ ಬಟ್ಟೆಗಳು ಕೂರುತ್ತಿದ್ದವು.

ಹೋದ ಚಳಿಗಾಲಕ್ಕೆ ಮೊದಲು ಐದನೆಯ ಇಯತ್ತೆಯ ಮೊಮ್ಮಗ ಮೆಟ್ರೊ ನೋಡಬೇಕೆಂದು ಹಟ ಹಿಡಿದ. “ಅಜ್ಜ ಬಂದ್ರ ಮಾತ್ರ” ಎಂದು ನಾನು ಹೇಳಿಬಿಟ್ಟೆ. ಅಜ್ಜ ಒಂದು ವಾರ ಉತ್ತರ ಕೊಡಲಿಲ್ಲ. ಎಂಟನೆಯ ದಿನ, “ಎಷ್ಟು ಮೆಟ್ಟಲ ಅದಾವು ಕೇಳು ಮೊದಲ” ಎಂದರು. ನಮ್ಮ ಪ್ರವಾಸ ಶುರುವಾದದ್ದು ಆ ಮಾತಿನಿಂದ.

ಮೊಮ್ಮಗ ಇನ್ನೂರು ಪುಟದ ನೋಟುಬುಕ್ಕಿನ ಮೇಲೆ ‘ಮೆಟ್ಟಿಲು ಪುಸ್ತಕ’ ಎಂದು ಬರೆದ. ಮೊದಲ ಪುಟದಲ್ಲಿ ಅಜ್ಜನ ಅಳತೆ: ಒಮ್ಮೆಗೆ ಅರವತ್ತು ಹೆಜ್ಜೆ, ಆಮೇಲೆ ಕುಳಿತುಕೊಳ್ಳಬೇಕು. ಕಂಬಿ ಇದ್ದರೆ ಐದು ಮೆಟ್ಟಿಲು. ಏರುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ಸೋತ ಕಾಲು ಮುಂದೆ; ಇದು ವ್ಯಾಯಾಮ ಕಲಿಸಿದವರು ಹೇಳಿಕೊಟ್ಟ ಪಾಠ. ಇನ್ನೊಂದು ಸಂಗತಿ ನಮಗೆ ಹೊಳೆದದ್ದು ಹಿಡಕಲ್ ಅಣೆಕಟ್ಟಿಗೆ ತಾಲೀಮಿಗೆಂದು ಹೋದಾಗ. ಅಲ್ಲಿ ದಾರಿಯಲ್ಲಿ ನಾಲ್ಕು ಮೆಟ್ಟಿಲು, ಎಡಕ್ಕೆ ಒಂದೇ ಕಂಬಿ. ಎಡಗೈ ಊರಿ ಸಲೀಸಾಗಿ ಏರಿದರು. ತಿರುಗಿ ಇಳಿಯಲು ನಿಂತರೆ ಅದೇ ಕಂಬಿ ಬಲಕ್ಕೆ ಬಂದಿದೆ, ಬಲಗೈಯಲ್ಲಿ ಹಿಡಿತವಿಲ್ಲ! ಕೊನೆಗೆ ಮುಖ ಮೇಲೆ ಮಾಡಿ, ಹಿಮ್ಮುಖವಾಗಿ ಒಂದೊಂದೇ ಇಳಿದರು. ಘಟಪ್ರಭೆಯ ನೀರು ನೋಡಲು ಬಂದವರೆಲ್ಲ ನಮ್ಮನ್ನೇ ನೋಡಿದರು. ಮೊಮ್ಮಗ ಅಂದಿನಿಂದ ಪುಸ್ತಕದಲ್ಲಿ ಮೆಟ್ಟಿಲಿಗೆ ಎರಡು ಕಾಲಂ ಹಾಕಿದ: ‘ಹತ್ತಾಕ’, ‘ಇಳ್ಯಾಕ’.

ರೈಲಿನ ವಿಷಯಕ್ಕೆ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಅವರಿಗೆ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ಸೇ ಬೇಕು. ಚನ್ನಮ್ಮನ ಗಾಡಿ ಹತ್ತಿ ಸಂಗೊಳ್ಳಿ ರಾಯಣ್ಣನ ನಿಲ್ದಾಣದಲ್ಲಿ ಇಳಿದರೆ ಬೆಳಗಾವಿ ಜಿಲ್ಲೆ ಬಿಟ್ಟಂತೆಯೇ ಇಲ್ಲವಲ್ಲ ಎಂಬುದು ಅವರ ವಾದ. ಬೆಂಗಳೂರು ಸಿಟಿ ನಿಲ್ದಾಣಕ್ಕೆ 2016ರಿಂದ ರಾಯಣ್ಣನ ಹೆಸರಿದೆ. ವಾದ ಚೆಂದ, ಆದರೆ ಆ ಗಾಡಿ ದೂರದಿಂದ ಬರುತ್ತದೆ, ದಾರಿಯ ನಿಲ್ದಾಣದಲ್ಲಿ ನಿಲ್ಲುವುದು ಸ್ವಲ್ಪ ಹೊತ್ತು. ನಮ್ಮ ಕಾಲಿಗೆ ಅದರದೇ ಗಡಿಯಾರ. 2019ರಲ್ಲಿ ಆರಂಭವಾದ, ಬೆಳಗಾವಿಯಿಂದಲೇ ಹೊರಡುವ ರಾತ್ರಿ ಗಾಡಿಯನ್ನು ನಾನು ಆರಿಸಿದೆ. ಹೊರಡುವ ನಿಲ್ದಾಣವಾದರೆ ಮುಂಚೆ ಹೋಗಿ, ನೂಕುನುಗ್ಗಲು ಶುರುವಾಗುವ ಮೊದಲೇ ಹತ್ತಬಹುದು. ನಮ್ಮಂಥವರಿಗೆ ಹತ್ತು ನಿಮಿಷದ ಬಿಡುವು ಹತ್ತು ಮೆಟ್ಟಿಲು ಕಡಿಮೆಯಾದ ಹಾಗೆ.

ಜೊತೆಗಾರರಿಲ್ಲದೆ ಓಡಾಡಲಾಗದ ಅಂಗವಿಕಲರಿಗೆ ಸ್ಲೀಪರ್ ಮತ್ತು ಮೂರನೆಯ ದರ್ಜೆಯ ಎ.ಸಿ.ಯಲ್ಲಿ ಶೇ 75 ರಿಯಾಯಿತಿ ಇದೆ. ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ ರಿಯಾಯಿತಿ. ಆದರೆ ಸರ್ಕಾರಿ ವೈದ್ಯರ ಪ್ರಮಾಣಪತ್ರ ತೋರಿಸಿ ರೈಲ್ವೆಯಿಂದಲೇ ಗುರುತಿನ ಚೀಟಿ ಮಾಡಿಸಿಕೊಂಡಿರಬೇಕು. ಹೋಗುವ ವಾರ ನೆನಪಾದರೆ ಉಪಯೋಗವಿಲ್ಲ. ಅಂಗವಿಕಲರ ಕೋಟಾದಲ್ಲಿ ಕೇಳಿದ್ದರಿಂದ ಕೆಳಗಿನ ಬರ್ತ್ ಸಿಕ್ಕಿತು. ಊರಲ್ಲಿ ಬಸ್ಸಿಗೆ ನನಗೆ ‘ಶಕ್ತಿ’ಯ ಉಚಿತ ಟಿಕೆಟ್, ರೈಲಿನಲ್ಲಿ ಅವರ ದೆಸೆಯಿಂದ ಕಾಲು ಟಿಕೆಟ್. “ನನ್ನ ಕಾಲಿನಿಂದ ನಿಮಗ ಲಾಭ ಆತಲ್ರಿ ಅಕ್ಕೋರ” ಎಂದರು. ಲಕ್ವಾ ಹೊಡೆದ ಮೇಲೆ ಆ ಕಾಲಿನ ಬಗ್ಗೆ ಅವರು ನಗೆಯಾಡಿದ್ದು ಅದೇ ಮೊದಲು.

ಉಳಿಯುವ ಜಾಗದ್ದೇ ದೊಡ್ಡ ತಲೆನೋವು. ಬೆಂಗಳೂರಿನಲ್ಲಿ ನನ್ನ ತಂಗಿಯ ಮನೆಯಿದೆ. ಎರಡನೆಯ ಮಹಡಿ, ಲಿಫ್ಟ್ ಇಲ್ಲ. ಲಾಡ್ಜಿನಲ್ಲಿ ಉಳಿಯುತ್ತೇವೆಂದಾಗ ಅವಳಿಗೆ ಬೇಸರವಾಯಿತು. ಗೋಕಾಕದ ಕರದಂಟು ಒಯ್ದು ಸಮಾಧಾನ ಮಾಡಬೇಕಾಯಿತು. ಲಾಡ್ಜುಗಳಿಗೆ ಫೋನು ಮಾಡಿ ನಾಚಿಕೆ ಬಿಟ್ಟು ಕೇಳಿದೆ: ಕಮೋಡ್ ಇದೆಯೇ? ಬಚ್ಚಲಿನ ಬಾಗಿಲು ಎಷ್ಟು ಇಂಚು ಅಗಲ? ಹೊಸ್ತಿಲು ಎಷ್ಟು ಎತ್ತರ? ಒಬ್ಬ ಹುಡುಗ ಪಾಪ, ಟೇಪು ಹಿಡಿದು ಅಳೆದು ಬಂದು ಹೇಳಿದ. ಪ್ರವಾಸದ ಪುಸ್ತಕಗಳಲ್ಲಿ ಶೌಚಾಲಯದ ಮಾತು ಕೊನೆಯ ಪುಟದಲ್ಲಿರುತ್ತದೆ. ನಮಗೆ ಅದೇ ಮೊದಲ ಪುಟ. ಊರು ಆಮೇಲೆ.

ಇಷ್ಟೆಲ್ಲ ಕೇಳಿದವಳು ಒಂದು ಪ್ರಶ್ನೆ ಮರೆತಿದ್ದೆ.

ಬೆಂಗಳೂರಿಗೆ ಇಳಿದ ಬೆಳಿಗ್ಗೆ ಮೊದಲ ಪೆಟ್ಟು ಟ್ಯಾಕ್ಸಿಯದು. ಹಿಂದಿನ ಡಿಕ್ಕಿ ತೆಗೆದರೆ ಅಲ್ಲಿ ಗ್ಯಾಸಿನ ಸಿಲಿಂಡರು ಮಲಗಿದೆ, ಮಡಚಿದ ಕುರ್ಚಿಗೂ ಜಾಗವಿಲ್ಲ. ಎರಡನೆಯ ಕಾರೂ ಹಾಗೆಯೇ. ಮೂರನೆಯದರಲ್ಲಿ ಮುಂದಿನ ಸೀಟಿಗೆ ಕುರ್ಚಿಯನ್ನು ಕೂರಿಸಿ, ನಾವು ಮೂವರೂ ಹಿಂದೆ ಕುಳಿತೆವು. ಲಾಡ್ಜಿನ ಮುಂದೆ ಇಳಿದಾಗ ಎರಡನೆಯ ಪೆಟ್ಟು. ಲಿಫ್ಟ್ ಇತ್ತು, ಸುಳ್ಳು ಹೇಳಿರಲಿಲ್ಲ. ಆದರೆ ರಸ್ತೆಯಿಂದ ಲಿಫ್ಟಿನ ತನಕ ಏಳು ಮೆಟ್ಟಿಲು, ಕಂಬಿ ಇಲ್ಲ. ನಾನು ಕೇಳಿದ್ದು ‘ಲಿಫ್ಟ್ ಇದೆಯೇ’ ಎಂದು, ‘ಲಿಫ್ಟಿಗೆ ಹೋಗಲು ಮೆಟ್ಟಿಲಿವೆಯೇ’ ಎಂದಲ್ಲ.

ನಾವು ಬೇಡ ಎನ್ನುವುದರೊಳಗೆ ಇಬ್ಬರು ಹುಡುಗರು ಕುರ್ಚಿ ಸಮೇತ ಅವರನ್ನು ಎತ್ತಿಬಿಟ್ಟರು. ಒಳ್ಳೆಯ ಹುಡುಗರೇ. ಆದರೆ ಕೋಣೆಗೆ ಬಂದು ಮಂಚದ ಮೇಲೆ ಕುಳಿತವರು ಗೋಡೆಯ ಕಡೆ ಮುಖ ಮಾಡಿದರು. “ಇಪ್ಪತ್ತೆರಡು ವರ್ಷ ಈ ಊರಾಗ ಮೂಟಿ ಇಳಿಸೀನಿ. ಇವತ್ತ ನಾನ ಮೂಟಿ ಆದೆ.” ಅಷ್ಟೇ ಅಂದದ್ದು. ಅಂದು ಎಲ್ಲಿಗೂ ಹೋಗಲಿಲ್ಲ. ನಾನು ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ ಹಾಗೇ ಉಳಿದವು. ರಾತ್ರಿ ಮೊಮ್ಮಗ ಮಲಗಿದ ಮೇಲೆ, ಬೆಳಿಗ್ಗೆಯೇ ತಿರುಗಿ ಹೋಗೋಣ ಎಂದು ನಾನೇ ಹೇಳಿದೆ. ಅವರನ್ನು ಕರೆತಂದದ್ದು ಅವರಿಗಾಗಿಯೋ, ನನ್ನ ಲಾಲ್‌ಬಾಗಿಗಾಗಿಯೋ ಎಂಬ ಅನುಮಾನ ನನಗೇ ಬಂದಿತ್ತು. ಅವರು ಉತ್ತರ ಕೊಡಲಿಲ್ಲ.

ಬೆಳಿಗ್ಗೆ ಎದ್ದಾಗ ಅವರು ಮೊಮ್ಮಗನಿಗೆ ಹೇಳುತ್ತಿದ್ದುದು ಕೇಳಿಸಿತು. “ತಮ್ಮಾ, ಕೆಳಗ ಹೋಟೆಲ್ ಐತಿ. ಹೋಟೆಲಿಗೆ ಅಕ್ಕಿ ಚೀಲ, ಗ್ಯಾಸು ಮುಂದಿನ ಬಾಗಿಲಿನಿಂದ ಬರಂಗಿಲ್ಲ. ಮಾಲು ಬರೂ ಕಡೆ ಇಳಿಜಾರು ಇದ್ದ ಇರತೈತಿ. ಹಿಂದಕ ಹೋಗಿ ನೋಡು.” ಹುಡುಗ ಓಡಿಹೋದವನು ಏದುಸಿರು ಬಿಡುತ್ತ ಬಂದ. ಅಡುಗೆಮನೆಯ ಹಿಂದೆ, ಸಿಲಿಂಡರು ಉರುಳಿಸಲು ಮಾಡಿದ ಸಿಮೆಂಟಿನ ಇಳಿಜಾರು. ಅಲ್ಲಿಂದ ಲಿಫ್ಟಿನವರೆಗೆ ಸಪಾಟು ದಾರಿ! ಮ್ಯಾನೇಜರಿಗೂ ಅದು ಹೊಳೆದಿರಲಿಲ್ಲ. ಉಳ್ಳಾಗಡ್ಡಿ ಹೆಚ್ಚುತ್ತಿದ್ದವರ ಪಕ್ಕದಿಂದ ಹೊರಗೆ ಬಂದೆವು. ಅಜ್ಜ ಉಳ್ಳಾಗಡ್ಡಿಯ ಚೀಲ ನೋಡಿ, “ಹಸಿ ಮಾಲು, ನಿಲ್ಲಂಗಿಲ್ಲ” ಎಂದು ಅಡುಗೆಯವನಿಗೆ ಬುದ್ಧಿ ಹೇಳಿದರು.

ಆಮೇಲೆ ಯೋಜನೆಯ ಯಜಮಾನಿಕೆ ಅವರದಾಯಿತು. ತಂಗಿ ಬರೆದುಕೊಟ್ಟಿದ್ದ ಹನ್ನೊಂದು ಜಾಗಗಳ ಪಟ್ಟಿಯಲ್ಲಿ ಎಂಟಕ್ಕೆ ಅವರೇ ಗೀಟು ಹಾಕಿಸಿದರು. ದಿನಕ್ಕೆ ಒಂದೇ ಜಾಗ, ಮಧ್ಯಾಹ್ನ ನಿದ್ದೆ, ಆಫೀಸಿನ ಹೊತ್ತಿನಲ್ಲಿ ಮೆಟ್ರೊ ಬೇಡ.

ಮೆಟ್ರೊದಲ್ಲಿ ಲಿಫ್ಟ್ ಇದೆ, ಸಿಬ್ಬಂದಿ ಕೇಳಿದರೆ ಸಹಾಯ ಮಾಡುತ್ತಾರೆ. ಆದರೆ ಲಿಫ್ಟ್ ಎಲ್ಲ ದ್ವಾರದಲ್ಲೂ ಇರುವುದಿಲ್ಲ. ರಸ್ತೆಯ ಯಾವ ಬದಿಗೆ ಎಂದು ಮೊದಲೇ ಕೇಳಿಕೊಳ್ಳಬೇಕು. ಇಲ್ಲದಿದ್ದರೆ ಬೆಂಗಳೂರಿನ ರಸ್ತೆ ದಾಟುವ ಕೆಲಸ ಬೀಳುತ್ತದೆ, ಅದು ಗಟ್ಟಿ ಕಾಲಿನವರಿಗೂ ಕಷ್ಟ. ಪ್ಲಾಟ್‌ಫಾರಂ ಮತ್ತು ಡಬ್ಬಿಯ ನೆಲ ಸಮಸಮ. ನಡುವಿನ ಸಂದಿಗೆ ಕುರ್ಚಿಯ ಮುಂದಿನ ಸಣ್ಣ ಗಾಲಿ ಸಿಕ್ಕಿಕೊಳ್ಳಬಾರದೆಂದು ಕುರ್ಚಿ ತಿರುಗಿಸಿ, ದೊಡ್ಡ ಗಾಲಿ ಮುಂದಾಗಿ ಹಿಮ್ಮುಖ ಒಯ್ಯುವುದು ಒಳ್ಳೆಯದು. “ಲಾರಿ ರಿವರ್ಸ್ ತಗೊಂಡಂಗ” ಎಂದು ಅವರೇ ಹಿಂದೆ ನೋಡಿ “ಬರ್ಲಿ, ಬರ್ಲಿ, ಹೋಲ್ಡ್” ಹೇಳುತ್ತಿದ್ದರು.

ಲಾಲ್‌ಬಾಗಿಗೆ ಅದೇ ಹೆಸರಿನ ಮೆಟ್ರೊ ನಿಲ್ದಾಣವಿದೆ. 240 ಎಕರೆಯ ತೋಟ, ಹೈದರಾಲಿ ಶುರುಮಾಡಿದ್ದು. ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದಲ್ಲಿ ಅಲ್ಲಿ ಕಾಲಿಡಲೂ ಜಾಗವಿರುವುದಿಲ್ಲವೆಂದೇ ನಾವು ಡಿಸೆಂಬರ್ ಆರಿಸಿದ್ದೆವು. ಬ್ಯಾಟರಿ ಗಾಡಿಯಲ್ಲಿ ಒಂದು ಸುತ್ತು ಹಾಕಿ, ಗಾಜಿನ ಮನೆಯ ಮುಂದೆ ಕುಳಿತೆವು. 1889ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದರೆಂದು ಎಷ್ಟು ವರ್ಷ ಪಾಠ ಮಾಡಿದ್ದೆನೋ! ಎದುರಿಗೆ ನೋಡಿದಾಗ ಯಾವ ಇಸವಿಯೂ ನೆನಪಾಗಲಿಲ್ಲ, ಸುಮ್ಮನೆ ನೋಡಿದೆ. ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಮೊಮ್ಮಗ ಒಬ್ಬನೇ ಹತ್ತಿ ಬಂದ. ಆ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸು ಎಂದೆ. “ಅಷ್ಟು ವರ್ಷದಿಂದ ಕುಂತೈತಿ, ಯಾರೂ ಏಳು ಅಂದಿಲ್ಲ ನೋಡ್ರಿ” ಎಂದರು ನಮ್ಮವರು.

ಮರುದಿನ ವಿಧಾನಸೌಧ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ, 1956ರಲ್ಲಿ ಮುಗಿದ ಆ ಕಟ್ಟಡದ ಮುಂದೆ 45 ಮೆಟ್ಟಿಲುಗಳ ದೊಡ್ಡ ಸೋಪಾನ. ಮೊಮ್ಮಗ ರಸ್ತೆಯಿಂದಲೇ ಎಣಿಸಲು ಹೋಗಿ ಮೂರು ಸಲ ತಪ್ಪಿದ. ನಾನು ಇವರ ಮುಖ ನೋಡಿದೆ. “ನನಗಷ್ಟ ಅಲ್ಲ ಬಿಡ್ರಿ, ಇದನ್ನ ಎಲ್ಲಾರೂ ಹೊರಗಿಂದನ ನೋಡ್ತಾರ” ಎಂದು ನಕ್ಕರು.

ಕೊನೆಯ ದಿನಕ್ಕೆ ನಾನು ಕಬ್ಬನ್ ಪಾರ್ಕ್ ಇಟ್ಟಿದ್ದೆ. ಅವರು ತಡೆದು, “ನನ್ನದೊಂದು ಐತಿ” ಎಂದರು. ಮೂರು ತಿಂಗಳು ಕಮೋಡು, ಹೊಸ್ತಿಲು, ಇಂಚು ಎಂದು ಎಲ್ಲ ಕೇಳಿದ್ದೆ. ನಿಮಗೇನು ನೋಡಬೇಕು ಎಂದು ಮಾತ್ರ ಅವರನ್ನು ಕೇಳಿರಲಿಲ್ಲ. ಅವರಿಗೆ ನೋಡಬೇಕಿದ್ದುದು ಯಶವಂತಪುರ. ಯಾರ್ಡಿನೊಳಗೆ ಆ ಗದ್ದಲದಲ್ಲಿ ಕುರ್ಚಿ ಒಯ್ಯುವುದು ಆಗದ ಮಾತು. ಆದರೆ ಹಸಿರು ಮಾರ್ಗದ ಮೆಟ್ರೊ ಮೆಜೆಸ್ಟಿಕ್ಕಿನಿಂದ ಯಶವಂತಪುರ, ಪೀಣ್ಯ ದಾಟಿ ತುಮಕೂರು ರಸ್ತೆಯ ಮೇಲೆಯೇ ಹೋಗುತ್ತದೆ. 2024ರ ನವೆಂಬರಿನಿಂದ ಮಾದಾವರದವರೆಗೂ ಓಡುತ್ತಿದೆ. ಹನ್ನೊಂದು ಗಂಟೆಯ ಮೇಲೆ, ಡಬ್ಬಿ ಖಾಲಿಯಿದ್ದಾಗ ಹತ್ತಿದೆವು. ಅವರು ಕುರ್ಚಿ ಬಿಟ್ಟು ಕೋಲೂರಿ ನಾಲ್ಕು ಹೆಜ್ಜೆ ನಡೆದು ಕಿಟಕಿಯ ಪಕ್ಕದ ಸೀಟಿನಲ್ಲಿ ಕುಳಿತರು.

ಯಶವಂತಪುರ ಬಂದಿತು. ಕೆಳಗೆ ತಾಡಪತ್ರಿ ಬಿಗಿದ ಲಾರಿಗಳು ಸಾಲಾಗಿ ತೆವಳುತ್ತಿದ್ದವು. ತಾಡಪತ್ರಿಯ ಉಬ್ಬು ನೋಡಿಯೇ ಯಾವ ಲಾರಿಯಲ್ಲಿ ಏನು ಮಾಲು ಎಂದು ಮೊಮ್ಮಗನಿಗೆ ಹೇಳುತ್ತ ಹೋದರು. ಒಂದು ಮಳೆಗಾಲ ಎರಡು ದಿನ ಸರದಿಯಲ್ಲಿ ನಿಂತದ್ದು, ಉಳ್ಳಾಗಡ್ಡಿ ಮೊಳಕೆಯೊಡೆದದ್ದು, ನನ್ನ ಮೊದಲ ಹೆರಿಗೆಯ ಸುದ್ದಿ ಚಾದ ಅಂಗಡಿಯ ಫೋನಿಗೆ ಬಂದದ್ದು. ಇದನ್ನೆಲ್ಲ ನಾನೂ ಅಂದೇ ಮೊದಲು ಕೇಳಿದ್ದು. ತುಮಕೂರು ರಸ್ತೆ ಊರ ಕಡೆಗೆ ಹೋಗುವ ರಸ್ತೆಯೂ ಹೌದು. “ಇಲ್ಲಿಂದ ಗೇರ್ ಹಾಕಿದ್ರ ಸೀದಾ ನಮ್ಮೂರ” ಎಂದು ಎಡಗೈಯಿಂದ ಬೆರಳು ಮಾಡಿ ತೋರಿಸಿದರು.

ಮಾದಾವರದಲ್ಲಿ ಗಾಡಿ ನಿಂತಿತು. ಮೊಮ್ಮಗ ಪುಸ್ತಕ ತೆಗೆದು ಯಶವಂತಪುರ ಎಂದು ಬರೆದು, “ಅಜ್ಜಾ, ಇಲ್ಲಿ ಎಷ್ಟು ಬರೀಲಿ?” ಎಂದ.

“ಹತ್ತಾಕ ಸೊನ್ನಿ ಬರಿ, ಇಳ್ಯಾಕ ಸೊನ್ನಿ ಬರಿ” ಎಂದ ಅಜ್ಜ, ನನ್ನ ಕಡೆ ತಿರುಗಿ, “ಅಕ್ಕೋರ, ಇನ್ನೊಂದು ಟಿಕೆಟ್ ತಗೋರಿ. ಬರೂಮುಂದ ಆ ಕಡೆ ಕಿಟಕಿ ಹಿಡಿಯೂಣು” ಎಂದರು.